ಶೇಕಡಾ 40 ಮುಟ್ಟದಿದ್ದರೆ ಕಾನೂನು ನಮ್ಮದಲ್ಲವೇ?

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗವೈಕಲ್ಯದ ಪ್ರಮಾಣಪತ್ರದ ಬಗ್ಗೆ. ಕೊಡಗಿನ ಐದೂ ತಾಲ್ಲೂಕುಗಳಿಂದ ಬಂದಿವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ. ಚಿಕ್ಕಂದಿನಲ್ಲಿ ಮೊಣಕೈ ಮುರಿದು ನರಕ್ಕೆ ಏಟಾಗಿ, ಬಲಗೈ ಬೆರಳುಗಳಲ್ಲಿ ಹಿಡಿತವಿಲ್ಲ. ಹತ್ತು ನಿಮಿಷ ಬರೆದರೆ ಪೆನ್ನು ಜಾರುತ್ತದೆ. ಆಸ್ಪತ್ರೆಯಲ್ಲಿ ಶೇ. 25 ಎಂದು ಬರೆದುಕೊಟ್ಟರು. ಕಾಲೇಜಿನಲ್ಲಿ, "40 ಇಲ್ಲದಿದ್ದರೆ ಲಿಪಿಕಾರರನ್ನು (ಹೇಳಿದ್ದನ್ನು ಬರೆದುಕೊಡುವವರನ್ನು) ಕೊಡಲಾಗುವುದಿಲ್ಲ, ಕಾನೂನಿನ ಪ್ರಕಾರ ಅವಳು ಅಂಗವಿಕಲೆಯೇ ಅಲ್ಲ" ಎನ್ನುತ್ತಾರೆ. ನಿಜವೇ? – ಸೋಮವಾರಪೇಟೆ

ನಿಜವಲ್ಲ. ಕಾಲೇಜಿನವರು ಹೇಳಿದ ಎರಡೂ ಮಾತು ತಪ್ಪು. ಈ ತಪ್ಪು ತಿಳಿವಳಿಕೆ ಕಚೇರಿಗಳಲ್ಲಿ ಬಹಳ ಹರಡಿರುವುದರಿಂದ ಇದನ್ನು ಕೊಂಚ ವಿವರವಾಗಿಯೇ ಹೇಳುತ್ತೇವೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಅದರ 2ನೇ ಕಲಮಿನಲ್ಲೇ ಮೂರು ಬೇರೆ ಬೇರೆ ವ್ಯಾಖ್ಯೆಗಳಿವೆ. ಮೊದಲನೆಯದು 'ವಿಕಲಚೇತನ ವ್ಯಕ್ತಿ'. ದೇಹ, ಮನಸ್ಸು, ಬುದ್ಧಿ ಅಥವಾ ಇಂದ್ರಿಯದ ದೀರ್ಘಕಾಲದ ಊನ ಇದ್ದು, ಸುತ್ತಲಿನ ಅಡೆತಡೆಗಳ ಜೊತೆ ಸೇರಿ ಅದು ಇತರರಿಗೆ ಸಮನಾಗಿ ಬದುಕಲು ತೊಡಕಾಗುತ್ತಿದ್ದರೆ, ಆ ವ್ಯಕ್ತಿ ವಿಕಲಚೇತನ. ಈ ವಾಕ್ಯದಲ್ಲಿ ಶೇಕಡಾವಾರಿನ ಮಾತೇ ಇಲ್ಲ. 'ಅಡೆತಡೆಗಳ ಜೊತೆ ಸೇರಿ' ಎಂಬುದನ್ನು ಗಮನಿಸಿ. ನಿಮ್ಮ ಮಗಳ ಬೆರಳು ಊನ. ಮೂರು ಗಂಟೆ ಕೈಯಲ್ಲೇ ಬರೆಯಬೇಕೆಂಬ ಪರೀಕ್ಷೆಯ ಕ್ರಮ ಅಡೆತಡೆ. ಎರಡೂ ಸೇರಿದಾಗ ಕಾನೂನು ಹೇಳುವ ಅಂಗವೈಕಲ್ಯವಾಗುತ್ತದೆ.

ಎರಡನೆಯದು 'ಬೆಂಚ್‌ಮಾರ್ಕ್ ಅಂಗವೈಕಲ್ಯ'. ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಗಳಲ್ಲಿ ಒಂದು ಇದ್ದು, ಅದು ಶೇ. 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಸಿಕ್ಕವರು. 40 ಎಂಬ ಅಂಕಿ ಬರುವುದು ಇಲ್ಲಿ ಮಾತ್ರ. ಸರ್ಕಾರಿ ನೌಕರಿಯಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ ಇವರಿಗೆ. ಮಾಸಾಶನದಂಥ ಯೋಜನೆಗಳೂ ಇದೇ ಗೆರೆಯನ್ನು ಹಿಡಿದಿವೆ. ಮೂರನೆಯದು 'ಹೆಚ್ಚಿನ ನೆರವು ಬೇಕಾದವರು', ಅಂದರೆ ಬೆಂಚ್‌ಮಾರ್ಕ್ ಇದ್ದು, ನಿತ್ಯದ ಕೆಲಸಕ್ಕೂ ಮತ್ತೊಬ್ಬರ ತೀವ್ರ ಆಸರೆ ಬೇಕಾಗುವವರು.

ತಾರತಮ್ಯದಿಂದ ರಕ್ಷಣೆ ಸಿಗುವುದು ಮೊದಲನೆಯ, ಎಲ್ಲಕ್ಕಿಂತ ಅಗಲವಾದ ವ್ಯಾಖ್ಯೆಗೆ. ಸೂಕ್ತ ಅನುಕೂಲ ಮಾಡಿಕೊಡದೆ ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಸೂಕ್ತ ಅನುಕೂಲ ಎಂದರೆ ಆ ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ ಮಾಡಬಹುದಾದ ಅಗತ್ಯ ಬದಲಾವಣೆ. ಒಬ್ಬ ಲಿಪಿಕಾರ, ಒಂದು ಬೇರೆ ಕೊಠಡಿ, ಒಂದು ಗಂಟೆಯ ಹೆಚ್ಚುವರಿ ಸಮಯ ಯಾವ ಕಾಲೇಜಿಗೂ ಮಿತಿಮೀರಿದ ಹೊರೆಯಲ್ಲ.

ಸುಪ್ರೀಂ ಕೋರ್ಟ್ ಇದನ್ನು 2021ರ ಫೆಬ್ರವರಿ 11ರಂದು ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಮಾನಿಸಿತು. ಅವರಿಗಿದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ, ಶೇ. 40ರ ಪ್ರಮಾಣಪತ್ರ ಇರಲಿಲ್ಲ. ಲಿಪಿಕಾರರನ್ನು ಪಡೆಯಲು ಬೆಂಚ್‌ಮಾರ್ಕ್ ಬೇಕೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಅದರ ಬೆನ್ನಿಗೆ ಕೇಂದ್ರದ ವಿಕಲಚೇತನರ ಸಬಲೀಕರಣ ಇಲಾಖೆ 2022ರ ಆಗಸ್ಟ್ 10ರಂದು ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟವಿರುವವರಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಗುಲ್ಶನ್ ಕುಮಾರ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅದೇ ಮಾತನ್ನು ಹೇಳಿತು.

ಈಗ ಮಾಡಬೇಕಾದ್ದು. ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಯಲ್ಲಿ ಇನ್ನೊಂದು ಪತ್ರ ಪಡೆಯಿರಿ. ಶೇಕಡಾವಾರು ಪ್ರಮಾಣಪತ್ರ ಇದಕ್ಕೆ ಸಾಲದು. ಈಗಿನ ಮಾರ್ಗಸೂಚಿಯ ಜೊತೆಗಿರುವ ನಮೂನೆಯನ್ನು ಮುದ್ರಿಸಿ ಕೈಯಲ್ಲೇ ಒಯ್ಯಿರಿ. ಅಲ್ಲಿ ಬಹಳ ಸಲ ತಡವಾಗುವುದೇ ನಮೂನೆ ಹುಡುಕುವುದರಲ್ಲಿ. ಪತ್ರದಲ್ಲಿ 'ಬಲಗೈ ದುರ್ಬಲ' ಎಂದಿದ್ದರೆ ಕೆಲಸವಾಗದು. 'ಬರೆಯಲು ದೈಹಿಕ ಮಿತಿಯಿದೆ, ಪರೀಕ್ಷೆಗೆ ಲಿಪಿಕಾರರ ನೆರವು ಅಗತ್ಯ' ಎಂಬ ಮಾತು ಇರಲೇಬೇಕು. ಆಮೇಲೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಅರ್ಜಿ ಅವರ ಮೂಲಕವೇ ಪದವಿಪೂರ್ವ ಉಪನಿರ್ದೇಶಕರ ಕಚೇರಿಗೂ ಪರೀಕ್ಷಾ ಮಂಡಳಿಗೂ ಹೋಗಬೇಕು. ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ ಕಾಲ ಮೀರಿರುತ್ತದೆ. ಪರೀಕ್ಷಾ ಶುಲ್ಕ ಕಟ್ಟುವಾಗಲೇ ಕೊಡಿ. ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಸಿಗಬೇಕು, ಅಂದರೆ ಮೂರು ಗಂಟೆಯ ಪತ್ರಿಕೆಗೆ 60 ನಿಮಿಷ. ಲಿಪಿಕಾರರನ್ನು ನೀವೇ ಕರೆತರುವುದಾದರೆ ಅವರು ಮಗಳಿಗಿಂತ ಕೆಳಗಿನ ಹಂತದ ಓದಿನವರಾಗಿರಬೇಕು. ಪರೀಕ್ಷೆಗೆ ಮುಂಚೆ ಅವರಿಬ್ಬರೂ ಕನಿಷ್ಠ ನಾಲ್ಕೈದು ಪತ್ರಿಕೆ ಒಟ್ಟಿಗೆ ಬರೆದು ನೋಡಲಿ. ಲೆಕ್ಕ, ರಸಾಯನಶಾಸ್ತ್ರದ ಸೂತ್ರಗಳನ್ನು ಬಾಯಲ್ಲಿ ಹೇಳಿ ಬರೆಸುವುದು ಅಭ್ಯಾಸವಿಲ್ಲದೆ ಆಗುವ ಕೆಲಸವಲ್ಲ.

ಪ್ರಶ್ನೆ: ಯಜಮಾನರು ಕಾಳುಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದು ಎಡಗಣ್ಣು ಪೂರ್ತಿ ಹೋಯಿತು. ಮಂಡಿಯೂ ಸರಿಯಾಗಿ ಮಡಚುವುದಿಲ್ಲ. ಕಾರ್ಮಿಕ ಪರಿಹಾರದ ಲೆಕ್ಕದಲ್ಲಿ ಕಣ್ಣಿಗೆ ಶೇ. 40 ಎಂದರು, ಅಂಗವೈಕಲ್ಯದ ಕಾರ್ಡಿನಲ್ಲಿ 30 ಎಂದಿದೆ. ಯಾರದು ಸುಳ್ಳು? ಮಾಸಾಶನವೂ ಇಲ್ಲ, ತೋಟದವರು ಕೆಲಸಕ್ಕೂ ಕರೆಯುತ್ತಿಲ್ಲ. – ಸಿದ್ದಾಪುರ

ಯಾರದೂ ಸುಳ್ಳಲ್ಲ ತಾಯಿ. ಎರಡೂ ಕಾನೂನುಗಳು ಅಳೆಯುವ ವಸ್ತುವೇ ಬೇರೆ. ಪರಿಹಾರದ ಪಟ್ಟಿ ಅಳೆಯುವುದು ದುಡಿಮೆಯ ಶಕ್ತಿ ಎಷ್ಟು ಕುಂದಿತು ಎಂಬುದನ್ನು. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣನ್ನೇ ಕಳೆದುಕೊಂಡರೆ ಆ ಪಟ್ಟಿಯಲ್ಲಿ 40. ಕಣ್ಣುಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ 30. ಅಂಗವೈಕಲ್ಯದ ಮಾರ್ಗಸೂಚಿ ನೋಡುವುದು ಎರಡೂ ಕಣ್ಣು ಸೇರಿ ಎಷ್ಟು ಕಾಣುತ್ತದೆ ಎಂಬುದನ್ನು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಅಲ್ಲಿ 30. ಒಂದು ಕಚೇರಿಯ ಅಂಕಿಯನ್ನು ಇನ್ನೊಂದರಲ್ಲಿ ತೋರಿಸಿ ಜಗಳವಾಡಿ ಫಲವಿಲ್ಲ.

ಆದರೆ ನಿಮ್ಮ ಪತ್ರದಲ್ಲೇ ಒಂದು ದಾರಿ ಇದೆ, ಅದು ಮಂಡಿ. ಕಾರ್ಡಿನಲ್ಲಿ ಕಣ್ಣನ್ನು ಮಾತ್ರ ಲೆಕ್ಕ ಹಿಡಿದ ಹಾಗಿದೆ. ಎರಡು ಬಗೆಯ ಊನ ಇದ್ದರೆ ಅದು 'ಬಹುವಿಧ ಅಂಗವೈಕಲ್ಯ'. ಎರಡನ್ನೂ ಸುಮ್ಮನೆ ಕೂಡುವುದಿಲ್ಲ, ಅದಕ್ಕೊಂದು ಸೂತ್ರವಿದೆ. ದೊಡ್ಡ ಅಂಕಿಯನ್ನು ಹಾಗೇ ಇಟ್ಟು, ಚಿಕ್ಕ ಅಂಕಿಯನ್ನು (90 – ದೊಡ್ಡ ಅಂಕಿ)ಯಿಂದ ಗುಣಿಸಿ 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸುವುದು. ಮೂಳೆ ತಜ್ಞರು ಮಂಡಿಗೆ 20 ಕೊಟ್ಟರೆ 20 × 60 ÷ 90 = 13.3. ಅದನ್ನು 30ಕ್ಕೆ ಸೇರಿಸಿದರೆ 43.3. ಗೆರೆ ದಾಟಿತು. 15 ಕೊಟ್ಟರೆ 10 ಸೇರಿ ಸರಿಯಾಗಿ 40. ಆದ್ದರಿಂದ ಮರುಪರಿಶೀಲನೆಗೆ ಅರ್ಜಿ ಹಾಕಿ, ಕಣ್ಣಿನ ತಜ್ಞರು ಮತ್ತು ಮೂಳೆ ತಜ್ಞರು ಇಬ್ಬರೂ ನೋಡುವಂತೆ ಕೇಳಿಕೊಳ್ಳಿ. ಬಿದ್ದ ದಿನದ ಆಸ್ಪತ್ರೆ ಚೀಟಿ, ಎಕ್ಸ್‌ರೇ, ಬಿಡುಗಡೆ ಸಾರಾಂಶ ಒಯ್ಯಿರಿ. ಮಂಡಿ ಎಷ್ಟು ಮಡಚುತ್ತದೆ ಎಂಬುದನ್ನು ವೈದ್ಯರು ಕೋನಮಾಪಕ ಇಟ್ಟು ಅಳೆಯುತ್ತಾರೆ. ನೋವು ನುಂಗಿಕೊಂಡು ಬಲವಂತವಾಗಿ ಮಡಚಿ ತೋರಿಸುವುದು ಬೇಡ. ನಟಿಸುವುದೂ ಬೇಡ. ಮೋಸದಿಂದ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

40 ದಾಟಿದ ಕಾರ್ಡ್ ಬಂದರೆ ಆದಾಯ ಪ್ರಮಾಣಪತ್ರದ ಜೊತೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಕೊಡಿ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ಅರ್ಜಿಗಳಿಗೆ ನೆರವಾಗಲೆಂದೇ ಇರುವವರು. ಅವರಿಂದಾಗದ್ದಕ್ಕೆ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ.

ಇನ್ನು ಕೆಲಸದ ವಿಚಾರ. ಒಂದೇ ಕಣ್ಣಿದ್ದವರಿಗೆ ಆಳ, ದೂರದ ಅಂದಾಜು ಸಿಗುವುದಿಲ್ಲ. ಸಿಲ್ವರ್ ಮರಕ್ಕೆ ಏಣಿ ಇಟ್ಟು ಹತ್ತಿಸುವುದಿಲ್ಲ ಎಂದು ತೋಟದ ರೈಟರ್ (ಮೇಲ್ವಿಚಾರಕ) ಹೇಳಿದರೆ ಅದು ತಾರತಮ್ಯವಲ್ಲ, ಅದಕ್ಕೆ ನ್ಯಾಯವಾದ ಕಾರಣವಿದೆ. ಕಣದಲ್ಲಿ ಕಾಫಿ ಹರಡುವುದು, ಗೊಬ್ಬರ ಹಾಕುವುದು, ನರ್ಸರಿಯಲ್ಲಿ ತೊಟ್ಟೆ ತುಂಬುವುದು, ಇದಾವುದಕ್ಕೂ ಕರೆಯುವುದಿಲ್ಲ ಎಂದರೆ ಅದು ತಾರತಮ್ಯ. ಕಾಯ್ದೆಯ 3ನೇ ಕಲಮು ಕೇಳುವುದೂ ಇದನ್ನೇ: ಉದ್ದೇಶ ನ್ಯಾಯವಾಗಿದೆಯೇ, ಮಾಡಿದ ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ? ಖಾಸಗಿಯವರಿಗೆ ಮೀಸಲಾತಿಯ ಕಟ್ಟುಪಾಡಿಲ್ಲ. ಆದರೆ ಕಂಪನಿ, ಸಹಕಾರ ಸಂಘ, ಕಾರ್ಖಾನೆ ಮೊದಲಾದ ಸಂಸ್ಥೆಗಳು ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಯಾವ ಕೆಲಸಗಳು ವಿಕಲಚೇತನರಿಗೆ ತಕ್ಕವು ಎಂಬುದನ್ನೂ ಅದರಲ್ಲಿ ಬರೆಯಬೇಕು. ನಿಮ್ಮದು ಕಂಪನಿ ತೋಟವಾದರೆ ಆ ನೀತಿಯ ನಕಲನ್ನು ಲಿಖಿತವಾಗಿ ಕೇಳಿ. ಮನೆಯವರೇ ನಡೆಸುವ ಸಣ್ಣ ತೋಟದಲ್ಲಿ ಕಾನೂನಿನ ಈ ಹಿಡಿತ ಸಡಿಲ. ಅಲ್ಲಿ ಪರಿಹಾರದ ಹಣವನ್ನು ಪೂರ್ತಿ ಪಡೆಯುವುದರ ಕಡೆಗೆ ಹೆಚ್ಚು ಗಮನ ಕೊಡಿ.

ಪ್ರಶ್ನೆ: ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡ್ ಸಿಗುತ್ತದೆಯೇ? – ಕುಶಾಲನಗರ

ಇಲ್ಲ. ಮೂತ್ರಪಿಂಡ ವೈಫಲ್ಯ 21ರ ಪಟ್ಟಿಯಲ್ಲಿಲ್ಲ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಕ್ಯಾನ್ಸರ್ ಕೂಡ ಇಲ್ಲ. ಆ ಕಾಯಿಲೆಯಿಂದ ಕಾಲು ಕತ್ತರಿಸಬೇಕಾಗಿ ಬಂದರೆ ಅಥವಾ ದೃಷ್ಟಿ ಹೋದರೆ, ಆ ಊನಕ್ಕೆ ಸಿಗುತ್ತದೆ. ಇದು ನಮ್ಮ ಮಟ್ಟಿಗೆ ಕಾಯ್ದೆಯ ದೊಡ್ಡ ಕೊರತೆ. ವಾರಕ್ಕೆ ಮೂರು ದಿನ ಯಂತ್ರದ ಪಕ್ಕ ಮಲಗುವವರಿಗೆ ಇತರರಿಗೆ ಸಮನಾಗಿ ದುಡಿಯಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಪ್ರಶ್ನೆ: ತಮ್ಮನಿಗೆ ಎಂಟು ವರ್ಷದಿಂದ ಸ್ಕಿಜೋಫ್ರೇನಿಯಾ. ಮಾತ್ರೆ ತೆಗೆದುಕೊಂಡರೂ ಹೊರಗೆ ಹೋಗುವುದಿಲ್ಲ, ಕೆಲಸವಿಲ್ಲ. ಅಮ್ಮ ಜೊತೆಯಲ್ಲಿ ಹೋಗಿದ್ದರು. ಶೇ. 40ಕ್ಕಿಂತ ಕಡಿಮೆ ಎಂದು ಬಂತು. ಹೇಗೆ ಸಾಧ್ಯ? – ಪೊನ್ನಂಪೇಟೆ

ಎಲ್ಲಿ ತಪ್ಪಿತೆಂಬುದನ್ನು ನಿಮ್ಮ ಪತ್ರದಿಂದಲೇ ಊಹಿಸಬಹುದು. ಮಾನಸಿಕ ಕಾಯಿಲೆಯನ್ನು ಅಳೆಯಲು ಎಕ್ಸ್‌ರೇ ಇಲ್ಲ. 'ಐಡಿಯಾಸ್' ಎಂಬ ಮಾಪಕದಲ್ಲಿ ನಾಲ್ಕು ವಿಷಯ ಕೇಳುತ್ತಾರೆ: ತನ್ನ ದೇಹದ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4. ಇದಕ್ಕೆ ಕಾಯಿಲೆಯ ಅವಧಿಯ ಅಂಕ ಸೇರುತ್ತದೆ: ಎರಡು ವರ್ಷಕ್ಕಿಂತ ಕಡಿಮೆಯಾದರೆ 1, ಎರಡರಿಂದ ಐದಕ್ಕೆ 2, ಆರರಿಂದ ಹತ್ತಕ್ಕೆ 3, ಹತ್ತು ದಾಟಿದರೆ 4. ಒಟ್ಟು 7 ಮುಟ್ಟಿದರೆ ಶೇ. 40ರ ಗೆರೆ. 14 ಮುಟ್ಟಿದರೆ ಶೇ. 70ರ ಮೇಲೆ.

ಅಮ್ಮ ಒಳಗೆ ಕೂತು ಏನು ಹೇಳಿರುತ್ತಾರೆ ನೋಡಿ. "ಸ್ನಾನ ಮಾಡ್ತಾನಾ?" "ಮಾಡ್ತಾನೆ." "ಊಟ?" "ತಾನೇ ಮಾಡ್ತಾನೆ." "ಯಾರ ಜೊತೆಗಾದರೂ ಮಾತಾಡ್ತಾನಾ?" "ನನ್ನ ಹತ್ರ ಚೆನ್ನಾಗೇ ಮಾತಾಡ್ತಾನೆ." ಎಲ್ಲವೂ ನಿಜವೇ. ಆದರೆ ನೀರು ಕಾಯಿಸಿ, ಬಟ್ಟೆ ಕೈಗೆ ಕೊಟ್ಟು, ಮೂರು ಸಲ ಕರೆದ ಮೇಲೆ, ವಾರಕ್ಕೊಮ್ಮೆ ಸ್ನಾನ ಎಂಬುದು ಅಮ್ಮನ ಬಾಯಿಂದ ಬರಲಿಲ್ಲ. ಮಗನನ್ನು ಬಿಟ್ಟುಕೊಡಲು ಯಾವ ತಾಯಿಗೂ ಮನಸ್ಸು ಬಾರದು. ಹೀಗೆ 1, 1, 0, 1 ಬಿತ್ತು ಎನ್ನಿ. ಎಂಟು ವರ್ಷದ ದಾಖಲೆ ಒಯ್ಯದೆ ಇತ್ತೀಚಿನ ಮೂರು ವರ್ಷದ ಚೀಟಿ ಮಾತ್ರ ಇದ್ದರೆ ಅವಧಿಗೆ 2. ಒಟ್ಟು 5. ಇದ್ದದ್ದನ್ನು ಇದ್ದಂತೆ ಹೇಳಿದ್ದರೆ 2, 2, 1, 3, ಅವಧಿಗೆ 3, ಒಟ್ಟು 11 ಆಗುತ್ತಿತ್ತು.

ಮುಂದಿನ ಸಲ ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ನಾಲ್ಕು ಸಾಲು ಬರೆದಿಡಿ: ಎಷ್ಟು ಸಲ ಹೇಳಿದ ಮೇಲೆ ಎದ್ದ, ಮಾತ್ರೆ ಯಾರು ಕೊಟ್ಟರು, ಮನೆಯವರ ಹೊರತು ಯಾರೊಂದಿಗೆ ಮಾತಾಡಿದ, ಏನಾದರೂ ಕೆಲಸ ಮುಗಿಸಿದನೇ. ಹಳೆಯ ಆಸ್ಪತ್ರೆ ಚೀಟಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಜೋಡಿಸಿ. ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನ ಚೀಟಿಯೂ ದಾಖಲೆಯೇ. ಅಮ್ಮನ ಜೊತೆ ನೀವೂ ಹೋಗಿ. ಈ ಪ್ರಮಾಣಪತ್ರವನ್ನು ಮೊದಲು ಕೆಲವು ವರ್ಷಕ್ಕೆಂದು ತಾತ್ಕಾಲಿಕವಾಗಿ ಕೊಡುವುದುಂಟು. ಅವಧಿ ಮುಗಿಯುವ ಮೂರು ತಿಂಗಳ ಮುಂಚೆಯೇ ನವೀಕರಣಕ್ಕೆ ಹಾಕಿ, ಇಲ್ಲದಿದ್ದರೆ ಮಾಸಾಶನ ನಿಂತೀತು.

ಇನ್ನೊಂದು ಮಾತು. ಪಾಲಕತ್ವಕ್ಕೆ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಗೆ ಹೋಗಿ ಎಂದು ಯಾರಾದರೂ ಹೇಳಿದರೆ, ಆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯದವರಿಗೆ ಮಾತ್ರ. ಸ್ಕಿಜೋಫ್ರೇನಿಯಾಕ್ಕೆ ಅದು ಅನ್ವಯಿಸದು.

ಪ್ರಶ್ನೆ: ನಮ್ಮ ಹಾಡಿಯಲ್ಲಿ ರಕ್ತ ಪರೀಕ್ಷೆ ಮಾಡಿ ಕೆಲವರಿಗೆ ಸಿಕಲ್ ಸೆಲ್ ಇದೆ ಎಂದರು. ಎಲ್ಲರಿಗೂ ಕಾರ್ಡ್ ಸಿಗುತ್ತದೆಯೇ? – ತಿತಿಮತಿ

ಎಲ್ಲರಿಗೂ ಇಲ್ಲ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆ ಇದ್ದವು, ರಕ್ತದ ಕಾಯಿಲೆಗಳು ಇರಲಿಲ್ಲ. 2016ರಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಕಾಯಿಲೆ ಸೇರಿದವು. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದು ಕಾಯಿಲೆಯಾಗಿದ್ದರೆ ಅರ್ಹತೆಯುಂಟು. ಒಬ್ಬರಿಂದ ಮಾತ್ರ ಬಂದಿದ್ದರೆ ಅವರು ವಾಹಕರು, ಚೀಟಿಯಲ್ಲಿ 'ಟ್ರೇಟ್' ಎಂದಿರುತ್ತದೆ; ಅದು ಅಂಗವೈಕಲ್ಯವಲ್ಲ. ಹಾಡಿಯಲ್ಲಿ ಬೆರಳು ಚುಚ್ಚಿ ಮಾಡುವ ಪರೀಕ್ಷೆ ಸಾಲದು. ಪ್ರಯೋಗಾಲಯದಲ್ಲಿ ಮಾಡುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಎಂಬ ರಕ್ತಪರೀಕ್ಷೆಯ ವರದಿ ಬೇಕು. ಪ್ರತಿ ಸಲ ನೋವು ಬಂದು ಆಸ್ಪತ್ರೆಗೆ ಸೇರಿದ್ದು, ರಕ್ತ ಹಾಕಿಸಿದ್ದು ಎಲ್ಲದರ ಚೀಟಿ ಉಳಿಸಿಕೊಳ್ಳಿ, ಪ್ರಮಾಣ ನಿಲ್ಲುವುದು ಅದರ ಮೇಲೆ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಂದೇ ಕಡೆ ಇಡಿ. ಆಧಾರ್ ಇನ್ನೂ ಬಂದಿಲ್ಲದಿದ್ದರೆ ನೋಂದಣಿ ಚೀಟಿಯ ಸಂಖ್ಯೆಯಿಂದಲೂ ಅರ್ಜಿ ಹಾಕಬಹುದು.

ಪ್ರಶ್ನೆ: ಸರ್ಕಾರಿ ಇಲಾಖೆಯಲ್ಲಿ ಚಾಲಕ. ಅಪಘಾತದಲ್ಲಿ ಕಾಲು ಹೋಯಿತು. "ಸ್ವಯಂ ನಿವೃತ್ತಿ ಬರೆದುಕೊಡಿ, ಇಲ್ಲವೇ ಜವಾನನಾಗಿ ಬನ್ನಿ" ಎನ್ನುತ್ತಿದ್ದಾರೆ. – ವಿರಾಜಪೇಟೆ

ಯಾವ ಕಾಗದಕ್ಕೂ ಸಹಿ ಹಾಕಬೇಡಿ. 20ನೇ ಕಲಮಿನ 4ನೇ ಉಪಕಲಮು ನಿಮಗೆಂದೇ ಬರೆದಂತಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಹುದ್ದೆಗೆ ಆಗದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೇವಾ ಸೌಲಭ್ಯದ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಖಾಲಿಯಿಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಅದರಲ್ಲಿಡಬೇಕು. ಕಚೇರಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ನೋಂದಾಯಿಸಿದ ಎರಡು ವಾರದೊಳಗೆ ಅವರು ವಿಚಾರಿಸಬೇಕು. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕಳಿಸಿ. ಅವರ ಶಿಫಾರಸಿಗೆ ಇಲಾಖೆ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು. ವಕೀಲರಿಗೆ ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಉಂಟು. ಮಡಿಕೇರಿಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಕಾರ್ಡಿಗೆ ಅರ್ಜಿ ಹಾಕಿ ವರ್ಷವಾಯಿತು, ಬಂದಿಲ್ಲ. ಬಿಳಿ, ಹಳದಿ, ನೀಲಿ ಎಂದೆಲ್ಲ ಏನು? – ಶನಿವಾರಸಂತೆ

ಬಣ್ಣ ಪ್ರಮಾಣವನ್ನು ಹೇಳುತ್ತದೆ. ಶೇ. 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಿಳಿ ಕಾರ್ಡ್ ಬಂದರೆ ಬೇಸರದಿಂದ ಎಸೆಯಬೇಡಿ. 40ಕ್ಕಿಂತ ಕಡಿಮೆಯವರನ್ನೂ ಸರ್ಕಾರವೇ ವಿಕಲಚೇತನರೆಂದು ಬರೆದುಕೊಟ್ಟ ದಾಖಲೆ ಅದು. ಶಾಲೆಯಲ್ಲಿ, ಕಚೇರಿಯಲ್ಲಿ ಅನುಕೂಲ ಕೇಳುವಾಗ ಮೇಜಿನ ಮೇಲೆ ಇಡಬೇಕಾದ್ದು ಅದನ್ನೇ.

2024ರ ಅಕ್ಟೋಬರ್ ತಿದ್ದುಪಡಿಯಂತೆ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವಿದೆ. ಆದರೆ ಅರ್ಜಿ ಎರಡು ವರ್ಷ ಹಾಗೇ ಬಿದ್ದಿದ್ದರೆ ನಿಷ್ಕ್ರಿಯವಾಗುತ್ತದೆ, ಮತ್ತೆ ಮೊದಲಿನಿಂದ ಹಾಕಬೇಕು. ನಿಮಗೆ ಇನ್ನೊಂದೇ ವರ್ಷ ಉಳಿದಿದೆ. ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಹೆಚ್ಚಾಗಿ ಸಿಕ್ಕಿಕೊಳ್ಳುವುದು ಮೂರು ಕಡೆ: ಆಧಾರಿನಲ್ಲಿರುವ ಹೆಸರಿಗೂ ಅರ್ಜಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸ (ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ), ಆರು ತಿಂಗಳಿಗಿಂತ ಹಳೆಯ ಫೋಟೊ, ಮತ್ತು ತಪಾಸಣೆಗೆ ಕರೆದ ಎಸ್‌ಎಂಎಸ್ ಈಗ ಬಳಸದ ಮೊಬೈಲ್ ನಂಬರಿಗೆ ಹೋಗಿರುವುದು. ಅರ್ಜಿ ತಿರಸ್ಕೃತವಾಗಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, 59ನೇ ಕಲಮಿನ ಮೇಲ್ಮನವಿಗೆ ಅದೇ ಆಧಾರ. ಕಿವಿಯ ತಪಾಸಣೆಯಾದರೆ ಹಿಂದಿನ ವಾರವೇ ಗುಗ್ಗೆ ತೆಗೆಸಿಕೊಳ್ಳಿ. ಕಿವಿ ಸೋರುತ್ತಿದ್ದರೆ ಅಂದು ಅಳೆಯದೆ ವಾಪಸ್ ಕಳಿಸುತ್ತಾರೆ. ಹಾಗೆಯೇ ಜೂನ್‌ನಿಂದ ಆಗಸ್ಟ್‌ವರೆಗೆ ತಪಾಸಣೆಯ ದಿನ ಬಂದರೆ, ರಸ್ತೆ ಕಟ್ಟಿಕೊಂಡು ತಪ್ಪಿಹೋದೀತು ಎಂಬ ಲೆಕ್ಕವನ್ನೂ ಇಟ್ಟುಕೊಂಡು, ಮಳೆ ಹಿಡಿಯುವ ಮುಂಚೆ ಇಲ್ಲವೇ ಸೆಪ್ಟೆಂಬರಿನ ಮೇಲೆ ದಿನ ಕೊಡುವಂತೆ ಆಸ್ಪತ್ರೆಯಲ್ಲಿ ಈಗಲೇ ಕೇಳಿಕೊಳ್ಳಿ.